ಕಟ್ಟುವ ಮೊದಲು ಕಾಗದದ ಮೇಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಡಾಕ್ಟರು, ಇಂಜಿನಿಯರು, ಮೇಷ್ಟ್ರು ಎಂದರೆ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಆರ್ಕಿಟೆಕ್ಟ್ ಎಂದರೆ ಈಗಲೂ "ಅದೇನಮ್ಮಾ, ವಾಸ್ತು ಹೇಳೋದಾ?" ಎಂದು ಕೇಳುತ್ತಾರೆ. ಹಾಗಾಗಿ ಈ ಓದು ಹೇಗಿರುತ್ತದೆ ಎಂದು ಹೇಳಲು ಸಮಿತಿಯವರು ನನಗೆ ಸೂಚಿಸಿದ್ದಾರೆ. ಸರಳವಾಗಿ ಹೇಳುವುದಾದರೆ, ಕಟ್ಟಡ ಬೀಳದಂತೆ ಕಂಬ, ತೊಲೆಗಳ ಲೆಕ್ಕ ಹಾಕುವವರು ಇಂಜಿನಿಯರು. ಒಳಗಿರುವ ಜನ ಹೇಗೆ ಓಡಾಡುತ್ತಾರೆ, ಬೆಳಕು ಎಲ್ಲಿಂದ ಬರಬೇಕು, ಗಾಳಿ ಎಲ್ಲಿಂದ ಹೊರಗೆ ಹೋಗಬೇಕು ಎಂದು ಯೋಚಿಸಿ ಕಟ್ಟಡಕ್ಕೆ ರೂಪ ಕೊಡುವವರು ಆರ್ಕಿಟೆಕ್ಟ್. ಇಬ್ಬರೂ ಕೂಡಿಯೇ ಕೆಲಸ ಮಾಡಬೇಕು. ಇಬ್ಬರ ಕೆಲಸವನ್ನೂ ನೆಲದ ಮೇಲೆ ನಿಲ್ಲಿಸುವವರು ಮೇಸ್ತ್ರಿಗಳು. ನಾನು ಅಂಥ ಒಬ್ಬ ಗಾರೆ ಮೇಸ್ತ್ರಿಯ ಮಗಳು.

ಬಿ.ಆರ್ಕ್. ಐದು ವರ್ಷದ ಓದು. ಅದರ ಜೀವಾಳ ಸ್ಟುಡಿಯೋ. ಫೋಟೋ ಸ್ಟುಡಿಯೋ ಅಲ್ಲ, ದೊಡ್ಡ ಹಜಾರ. ಒಬ್ಬೊಬ್ಬರಿಗೂ ಒಂದೊಂದು ಡ್ರಾಯಿಂಗ್ ಮೇಜು. ಈ ತರಗತಿಗೆ ಪಠ್ಯಪುಸ್ತಕವಿಲ್ಲ, ಗೈಡೂ ಇಲ್ಲ. ಮೇಷ್ಟ್ರು ಒಂದು ಸಮಸ್ಯೆ ಕೊಡುತ್ತಾರೆ: ಒಂದು ಹಳ್ಳಿಗೆ ಬಸ್ ನಿಲ್ದಾಣ ಬೇಕು, ಯೋಚಿಸಿ. ಮುಂದಿನ ವರ್ಷ ಅಂಗನವಾಡಿ, ಆಮೇಲೆ ಆಸ್ಪತ್ರೆ, ಮಾರುಕಟ್ಟೆ. ನಲವತ್ತು ಮಕ್ಕಳಿದ್ದರೆ ನಲವತ್ತು ಉತ್ತರ ಬರುತ್ತವೆ. ಮೇಷ್ಟ್ರು ಮೇಜಿನಿಂದ ಮೇಜಿಗೆ ಬಂದು, ನಮ್ಮ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಕೇಳುತ್ತಾರೆ: "ಮಳೆ ಬಂದಾಗ ಮುದುಕಿಯೊಬ್ಬಳು ಮೊಮ್ಮಗುವನ್ನು ಎತ್ತಿಕೊಂಡು ಎಲ್ಲಿ ನಿಲ್ಲುತ್ತಾಳೆ?" ನಮ್ಮ ನಕ್ಷೆಯಲ್ಲಿ ಆಕೆಗೆ ಜಾಗವಿಲ್ಲದಿದ್ದರೆ ಮತ್ತೆ ಮೊದಲಿನಿಂದ ಬರೆಯಬೇಕು. ಕಾಗದದ ಮೇಲೆ ಹತ್ತು ಸಲ ಕೆಡವಿದರೂ ಇಟ್ಟಿಗೆ, ಸಿಮೆಂಟು ದಂಡವಾಗುವುದಿಲ್ಲ. ಸ್ಟುಡಿಯೋ ಇರುವುದೇ ಅದಕ್ಕೆ.

ಮೊದಲ ವರ್ಷ ಅಳತೆಯ ವರ್ಷ. ಕುಳಿತಾಗ ಮಂಡಿ ಎಷ್ಟು ಎತ್ತರ, ನೀರಿನ ಕೊಡ ಹೊತ್ತವರಿಗೆ ಬಾಗಿಲು ಎಷ್ಟು ಅಗಲ ಬೇಕು, ಎಲ್ಲವನ್ನೂ ಟೇಪು ಹಿಡಿದು ಅಳೆಯುತ್ತೇವೆ. ಮೆಟ್ಟಿಲಿಗೂ ಒಂದು ಲೆಕ್ಕವಿದೆ. ಮೆಟ್ಟಿಲಿನ ಎತ್ತರವನ್ನು ಎರಡರಿಂದ ಗುಣಿಸಿ, ಕಾಲಿಡುವ ಅಗಲವನ್ನು ಕೂಡಿಸಿದರೆ ಹೆಚ್ಚುಕಡಿಮೆ ಎರಡು ಅಡಿ ಬರಬೇಕು. ಆರು ಅಂಗುಲ ಎತ್ತರ, ಹನ್ನೆರಡು ಅಂಗುಲ ಅಗಲವಾದರೆ ಕಾಲಿಗೆ ಹಿತ. ತರಗತಿಯ ಕೋಣೆಯಲ್ಲಿ ಬೆಳಕು ಮಕ್ಕಳ ಎಡಗಡೆಯಿಂದ ಬಂದರೆ ಬಲಗೈಯಲ್ಲಿ ಬರೆಯುವವರ ಪುಸ್ತಕದ ಮೇಲೆ ಕೈಯ ನೆರಳು ಬೀಳುವುದಿಲ್ಲ. ಇವೆಲ್ಲ ಸಣ್ಣ ವಿಷಯಗಳೇ. ಆದರೆ ದಿನಾ ಅನುಭವಿಸುವವರಿಗೆ ಸಣ್ಣದಲ್ಲ.

ಅಪ್ಪ ಪಾಯಕ್ಕೆ ದಾರ ಕಟ್ಟುವಾಗ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುವವರೆಗೆ ದಾರ ಸರಿಸುತ್ತಿದ್ದರು. ಬಂದರೆ ಮೂಲೆ ಮಟ್ಟ. ಇದೇ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿ ಗಣಿತದ ಮೇಷ್ಟ್ರು ಪೈಥಾಗೊರಸ್ ಪ್ರಮೇಯ ಕಲಿಸಿದರು. ಅಪ್ಪನ ದಾರ ಮತ್ತು ಮೇಷ್ಟ್ರ ಪ್ರಮೇಯ ಒಂದೇ ಎಂದು ನನಗೆ ಪೂರ್ತಿ ತಿಳಿದದ್ದು ಸ್ಟುಡಿಯೋದಲ್ಲಿ, ಮೊದಲ ಸಲ ಬಯಲಿನಲ್ಲಿ ಗುರುತು ಹಾಕಿದ ದಿನ.

ಕಷ್ಟವೂ ಇತ್ತು. ಕೆಲಸ ಮುಗಿದ ಮೇಲೆ ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಹೊರಗಿನಿಂದ ಬಂದ ಹಿರಿಯರ ಎದುರು ನಿಂತು ವಿವರಿಸಬೇಕು. ಇದಕ್ಕೆ ಜ್ಯೂರಿ ಎನ್ನುತ್ತಾರೆ. ಮೊದಲ ಜ್ಯೂರಿಯಲ್ಲಿ ಒಬ್ಬರು ನನ್ನ ನಕ್ಷೆ ನೋಡದೆ, "ಮೊದಲು ಇಂಗ್ಲಿಷ್ ಕಲಿತು ಬಾ" ಎಂದರು. ಇನ್ನೊಬ್ಬರು, "ನಕ್ಷೆ ಮಾತಾಡುತ್ತಿದೆಯಲ್ಲ, ನೀನು ಕನ್ನಡದಲ್ಲೇ ಹೇಳಮ್ಮ" ಎಂದರು. ಹೇಳಿದೆ. ಇಂಗ್ಲಿಷನ್ನು ಆಮೇಲೆ ಕಲಿತೆ, ಅದು ಬೇಕೇ ಬೇಕು. ಆದರೆ ಜಗಲಿ, ತೊಟ್ಟಿ, ಪಡಸಾಲೆ, ಸೂರು ಎಂಬ ಮಾತುಗಳು ನನ್ನ ಜೊತೆ ಬಂದಿದ್ದವು. ಅವು ಬರೀ ಮಾತುಗಳಲ್ಲ, ಬಿಸಿಲು ಮಳೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರಗಳು.

ಇದನ್ನು ದೊಡ್ಡವರೂ ಒಪ್ಪಿದ್ದಾರೆ. 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆ ಕಟ್ಟಿ ಬೆಳೆಸಿದ ಬಾಲಕೃಷ್ಣ ದೋಶಿಯವರು ಪ್ಯಾರಿಸ್ಸಿನಲ್ಲಿ ಲ ಕಾರ್ಬುಸಿಯೆ ಅವರ ಬಳಿ ಕೆಲಸ ಮಾಡಿ ಬಂದವರು. 2018ರಲ್ಲಿ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ ಅವರ ವಿನ್ಯಾಸ. ಅಲ್ಲಿನ ಕಲ್ಲಿನ ಗೋಡೆಗಳ ನಡುವಿನ ಉದ್ದನೆಯ ಓಣಿಗಳಲ್ಲಿ ಬಳ್ಳಿಗಳ ನೆರಳಿದೆ, ಅಲ್ಲಲ್ಲಿ ತೆರೆದ ಅಂಗಳಗಳಿವೆ. ನಡೆದಾಡುವಾಗ ನನಗೆ ನಮ್ಮ ಜಗಲಿ, ತೊಟ್ಟಿಯೇ ನೆನಪಾಗುತ್ತವೆ.

ಈಗ ಊರಿನ ಹಿರಿಯರಲ್ಲಿ ಒಂದು ಅರಿಕೆ. ಹಳೆಯ ಹೆಂಚಿನ ಕೊಠಡಿಗಳನ್ನು ಕೆಡವಿ ಆರ್‌ಸಿಸಿ ಕಟ್ಟಡ ಕಟ್ಟಿಸುವ ಮಾತು ನಡೆದಿದೆ ಎಂದು ಕೇಳಿದೆ. ಕೊಠಡಿ ಬೇಕು, ನಿಜ. ತೊಲೆಗೆ ಗೆದ್ದಲು ಹಿಡಿದಿದ್ದರೆ ಮಕ್ಕಳನ್ನು ಅದರಡಿ ಕೂರಿಸುವುದು ತರವಲ್ಲ. ಆದರೆ ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಕಾಂಕ್ರೀಟ್ ಚಾವಣಿ ಹಗಲೆಲ್ಲ ಕಾದು, ಶಾಖವನ್ನು ಒಳಗೆ ಬಿಡುತ್ತದೆ. ಏಪ್ರಿಲಿನಲ್ಲಿ ಪರೀಕ್ಷೆ ಬರೆಯುವವರು ಮಕ್ಕಳು. ಕೆಡವುವ ಮೊದಲು ಒಂದು ತಿಂಗಳು ಕೊಡಿ. ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಟೇಪು ಕೊಟ್ಟು ಹಳೆಯ ಕಟ್ಟಡವನ್ನು ಅಳೆಸೋಣ. ಯಾವ ತೊಲೆ ಗಟ್ಟಿ, ಯಾವುದು ಲಡ್ಡು ಎಂದು ಇಂಜಿನಿಯರಿಂದ ನೋಡಿಸೋಣ. ಮಧ್ಯಾಹ್ನ ಯಾವ ಗೋಡೆಗೆ ಬಿಸಿಲು ಹೊಡೆಯುತ್ತದೆ, ಯಾವ ಕಿಟಕಿಯಿಂದ ಗಾಳಿ ಬರುತ್ತದೆ ಎಂದು ಮಕ್ಕಳೇ ಬರೆದಿಡಲಿ. ಆಮೇಲೆ ರಿಪೇರಿಯೋ, ಹೊಸದೋ, ಎಲ್ಲರೂ ಕೂತು ತೀರ್ಮಾನಿಸೋಣ. ನಾಲ್ಕು ಭಾನುವಾರ ನಾನು ಬರುತ್ತೇನೆ. ಫೀಸು ಬೇಡ, ಬಿಸಿಯೂಟದ ಅಡುಗೆಯಮ್ಮಂದಿರ ಕೈಯ ಸಾರು ಸಾಕು.

ಮಕ್ಕಳೇ, ಈ ಓದು ಬೇಕೆನ್ನುವವರು ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ತೆಗೆದುಕೊಳ್ಳಿ. ನಾಟಾ ಎಂಬ ಪ್ರವೇಶ ಪರೀಕ್ಷೆ ಇದೆ. ಅದರಲ್ಲಿ ಚಿತ್ರ ಬರೆಯುವುದೂ ಇರುತ್ತದೆ. ಈಗಿನಿಂದಲೇ ಒಂದು ಬರೆಯದ ನೋಟ್‌ಬುಕ್ ಇಟ್ಟುಕೊಂಡು ಬಾವಿಕಟ್ಟೆ, ದನದ ಕೊಟ್ಟಿಗೆ, ಗುಡಿಯ ಕಂಬ, ಕಂಡದ್ದನ್ನೆಲ್ಲ ಬರೆಯಿರಿ. ಚೆನ್ನಾಗಿ ಬರೆಯಬೇಕೆಂದಲ್ಲ, ಚೆನ್ನಾಗಿ ನೋಡಬೇಕೆಂದು.