ಕೆಟ್ಟ ಪಿಸ್ತೂಲು ಕಾರ್ಖಾನೆಗೆ ಮರಳುವ ದಾರಿ



ಮನೆಗೆ ಹೊಸ ಮಿಕ್ಸಿ ತಂದಾಗ ಪೆಟ್ಟಿಗೆಯೊಳಗೆ ಒಂದು ಸಣ್ಣ ಕಾರ್ಡು ಇರುವುದನ್ನು ನೀವೆಲ್ಲ ನೋಡಿದ್ದೀರಿ. ಅದೇ ವಾರಂಟಿ ಕಾರ್ಡು. "ಇಷ್ಟು ಕಾಲದೊಳಗೆ ಯಂತ್ರ ಕೆಟ್ಟರೆ ನಾವೇ ಸರಿಮಾಡಿ ಕೊಡುತ್ತೇವೆ" ಎಂದು ತಯಾರಕರು ಕೊಡುವ ಮಾತು ಅದರಲ್ಲಿರುತ್ತದೆ. ಮಿಕ್ಸಿ ಕೆಟ್ಟರೆ ಅಂಗಡಿಗೆ ಒಯ್ಯುತ್ತೇವೆ. ರೇಡಿಯೋ ಕೆಟ್ಟರೆ ಪಾರ್ಸೆಲ್ ಮಾಡಿ ಕಂಪನಿಗೆ ಕಳುಹಿಸುತ್ತೇವೆ. ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೂ ನಷ್ಟವಾಗುವುದು ನಮ್ಮ ಹಣ ಮಾತ್ರ.

ಆದರೆ ಕೆಟ್ಟುಹೋದ ವಸ್ತು ಒಂದು ಪಿಸ್ತೂಲಾಗಿದ್ದರೆ? ಅದನ್ನು ಪಾರ್ಸೆಲ್ ಮಾಡಬಹುದೇ? ದಾರಿಯಲ್ಲಿ ಅದು ಯಾರ ಕೈಗೆ ಸಿಗಬಹುದು? ಸರಿಮಾಡಿದ ಮೇಲೆ ಯಾರಿಗೆ ಹಿಂದಿರುಗಿಸಬೇಕು? ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸ್ ಪಡೆದವರು ಮಾತ್ರ ಸಾಮಾನ್ಯವಾಗಿ ಪಿಸ್ತೂಲು ಇಟ್ಟುಕೊಳ್ಳಬಹುದು. ಹೀಗಾಗಿ ಈ ಪ್ರಶ್ನೆ ನಮ್ಮ ಬಹುಪಾಲು ಮನೆಗಳಲ್ಲಿ ಏಳುವುದಿಲ್ಲ. ಅಮೆರಿಕದಲ್ಲಾದರೋ ಕೋಟ್ಯಂತರ ಮನೆಗಳಲ್ಲಿ ಬಂದೂಕುಗಳಿವೆ. ಎಲ್ಲ ಯಂತ್ರಗಳಂತೆ ಅವೂ ಕೆಡುತ್ತವೆ. ಈ ಸಣ್ಣ ಪ್ರಶ್ನೆಗೆ ಆ ದೇಶ ಕಂಡುಕೊಂಡ ಉತ್ತರದಲ್ಲಿ ಇತಿಹಾಸವಿದೆ, ಕಾನೂನಿದೆ, ನೀವು ತರಗತಿಯಲ್ಲಿ ಓದುವ ಭೌತಶಾಸ್ತ್ರವೂ ಇದೆ. ಒಂದೊಂದಾಗಿ ನೋಡೋಣ.

ಮೊದಲು ಇತಿಹಾಸ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜನ ಅಂಗಿ, ಗಡಿಯಾರಗಳನ್ನು ತರಿಸಿಕೊಂಡಷ್ಟೇ ಸುಲಭವಾಗಿ ಪಿಸ್ತೂಲನ್ನೂ ಅಂಚೆಯ ಮೂಲಕ ತರಿಸಿಕೊಳ್ಳುತ್ತಿದ್ದರು. 1927ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯಿದೆ ಮಾಡಿ, ಬಟ್ಟೆಯೊಳಗೆ ಬಚ್ಚಿಡಬಹುದಾದ ಪಿಸ್ತೂಲು, ರಿವಾಲ್ವರ್‌ಗಳನ್ನು ಸಾಮಾನ್ಯ ಜನರು ಸರ್ಕಾರಿ ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತು. ಬೇಟೆಗೆ ಬಳಸುವ ಉದ್ದ ಕೋವಿಗಳಿಗೆ ಈ ನಿಷೇಧವಿರಲಿಲ್ಲ. ಖಾಸಗಿ ಪಾರ್ಸೆಲ್ ಕಂಪನಿಗಳಿಗೂ ಇದು ಅನ್ವಯಿಸಲಿಲ್ಲ. ಒಂದು ಬಾಗಿಲು ಮುಚ್ಚಿತು, ಪಕ್ಕದ ಬಾಗಿಲು ತೆರೆದೇ ಇತ್ತು.

ಆ ತೆರೆದ ಬಾಗಿಲಿನ ಬೆಲೆ ಏನೆಂಬುದು 1963ರಲ್ಲಿ ತಿಳಿಯಿತು. ಆ ವರ್ಷ ಮಾರ್ಚ್ ತಿಂಗಳಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬಾತ ಎ. ಹಿಡೆಲ್ ಎಂಬ ಸುಳ್ಳು ಹೆಸರಿನಲ್ಲಿ ಷಿಕಾಗೋದ ಒಂದು ಅಂಗಡಿಗೆ ಹಣ ಕಳುಹಿಸಿದ. ಸಾಗಣೆ ವೆಚ್ಚವೂ ಸೇರಿ 21 ಡಾಲರ್ 45 ಸೆಂಟ್‌ಗೆ ದೂರದರ್ಶಕ ಜೋಡಿಸಿದ ಒಂದು ರೈಫಲ್ ಅವನ ಅಂಚೆಪೆಟ್ಟಿಗೆಯ ವಿಳಾಸಕ್ಕೆ ಬಂತು. ಲಾಸ್ ಏಂಜಲಿಸ್‌ನ ಇನ್ನೊಂದು ಅಂಗಡಿಯಿಂದ ಒಂದು ರಿವಾಲ್ವರ್ ಖಾಸಗಿ ಪಾರ್ಸೆಲ್ ಕಂಪನಿಯ ಮೂಲಕ ಬಂತು. "ನೀನು ಯಾರು?" ಎಂದು ಅವನ ಮುಖ ನೋಡಿ ಕೇಳಬೇಕಾದ ಕರ್ತವ್ಯ ಯಾವ ವ್ಯಾಪಾರಿಗೂ ಇರಲಿಲ್ಲ. ಅದೇ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಜಾನ್ ಕೆನಡಿ ಅವರು ಆ ರೈಫಲ್ಲಿನ ಗುಂಡಿಗೆ ಬಲಿಯಾದರು ಎಂದು ತನಿಖಾ ಆಯೋಗ ನಿರ್ಣಯಿಸಿತು. ಐದು ವರ್ಷಗಳ ನಂತರ, 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಎರಡೇ ತಿಂಗಳ ಅಂತರದಲ್ಲಿ ಹತರಾದರು. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯಿದೆಗೆ ಸಹಿ ಹಾಕಿದರು.

ಈ ಕಾಯಿದೆಯ ತಿರುಳು ಸರಳ. ಬಂದೂಕು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಮಾನ್ಯ ಗಿರಾಕಿಯ ವಿಳಾಸಕ್ಕೆ ನೇರವಾಗಿ ಹೋಗಕೂಡದು. ಸರ್ಕಾರದ ಲೈಸೆನ್ಸ್ ಪಡೆದ ವ್ಯಾಪಾರಿಯ ಕೈ ದಾಟಿಯೇ ಹೋಗಬೇಕು. ಹೊಸದಾಗಿ ತಯಾರಾಗುವ ಪ್ರತಿ ಬಂದೂಕಿನ ಮೇಲೂ ಕ್ರಮಸಂಖ್ಯೆ ಕೆತ್ತಿರಬೇಕು. ತಯಾರಕನಿಂದ ವ್ಯಾಪಾರಿಯವರೆಗೆ ಎಲ್ಲರೂ ಬಂದದ್ದನ್ನೂ ಹೋದದ್ದನ್ನೂ ಪುಸ್ತಕದಲ್ಲಿ ಬರೆದಿಡಬೇಕು.

ಈಗ ನಮ್ಮ ಕೆಟ್ಟ ಪಿಸ್ತೂಲಿಗೆ ಬರೋಣ. ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ರಿಪೇರಿಯಾದ ಪಿಸ್ತೂಲು ಮಾಲೀಕನ ಮನೆಗೆ ನೇರವಾಗಿ ಹಿಂದಿರುಗುವಂತಿಲ್ಲ. ತನ್ನದೇ ವಸ್ತುವನ್ನು ಆತ ಹೊಸದಾಗಿ ಕೊಂಡವನಂತೆ ಮತ್ತೆ ಪಡೆಯಬೇಕಾಗುತ್ತದೆ. ಆದ್ದರಿಂದ ಕಾಯಿದೆಯಲ್ಲೇ ಒಂದು ವಿನಾಯಿತಿ ಇಟ್ಟಿದ್ದಾರೆ. ರಿಪೇರಿಗಾಗಿ ಮಾಲೀಕನು ತನ್ನ ಬಂದೂಕನ್ನು ಲೈಸೆನ್ಸ್ ಇರುವ ತಯಾರಕನಿಗೆ ಕಳುಹಿಸಬಹುದು. ತಯಾರಕನು ಅದನ್ನು, ಸರಿಮಾಡಲಾಗದಿದ್ದರೆ ಅದೇ ಬಗೆಯ ಬದಲಿ ಬಂದೂಕನ್ನು, ಅದು ಯಾರಿಂದ ಬಂದಿತ್ತೋ ಅವರಿಗೇ ಹಿಂದಿರುಗಿಸಬಹುದು.

ಈ ವಿನಾಯಿತಿ ಎಷ್ಟು ಕಿರಿದಾಗಿದೆ ಗಮನಿಸಿ. ಹೋಗುವ ಕಡೆ ಲೈಸೆನ್ಸ್ ಇರುವವನೇ ಇರಬೇಕು. ಬರುವ ಕಡೆ ಕಳುಹಿಸಿದವನೇ ಇರಬೇಕು. ಮಾಲೀಕನ ಅಣ್ಣನಿಗೋ ಸ್ನೇಹಿತನಿಗೋ ತಲುಪಿಸುವಂತಿಲ್ಲ. ಹೋದ ದಾರಿಯಲ್ಲೇ ಮರಳುವ ಪ್ರಯಾಣಕ್ಕೆ ಮಾತ್ರ ಈ ಬಾಗಿಲು ತೆರೆದಿದೆ. ಆಸ್ವಾಲ್ಡ್ ನುಗ್ಗಿದ ಬಾಗಿಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬದಲಿ ಬಂದೂಕು ಕೊಟ್ಟರೆ ಅದರ ಹೊಸ ಕ್ರಮಸಂಖ್ಯೆ ಕಾರ್ಖಾನೆಯ ಪುಸ್ತಕದಲ್ಲಿ ದಾಖಲಾಗಿರುತ್ತದೆ.

ಇನ್ನು ಪಾರ್ಸೆಲ್ ಮಾಡುವ ಬಗೆ. ಮಾಲೀಕನು ಮೊದಲು ಕಾರ್ಖಾನೆಗೆ ದೂರು ತಿಳಿಸುತ್ತಾನೆ. ಕಾರ್ಖಾನೆ ದೂರಿಗೆ ಒಂದು ಸಂಖ್ಯೆ ಕೊಡುತ್ತದೆ. ಎಷ್ಟೋ ಸಲ ತನ್ನದೇ ಖರ್ಚಿನಲ್ಲಿ ವಿಳಾಸದ ಚೀಟಿಯನ್ನೂ ಕಳುಹಿಸುತ್ತದೆ. ಈಚಿನ ವರ್ಷಗಳಲ್ಲಿ ಅಲ್ಲಿನ ದೊಡ್ಡ ಖಾಸಗಿ ಸಾಗಣೆ ಕಂಪನಿಗಳು, ಲೈಸೆನ್ಸ್ ಇದ್ದು ತಮ್ಮೊಡನೆ ಒಪ್ಪಂದ ಮಾಡಿಕೊಂಡವರ ಬಂದೂಕು ಪಾರ್ಸೆಲ್‌ಗಳನ್ನು ಮಾತ್ರ ಒಯ್ಯುವಂತೆ ತಮ್ಮ ನಿಯಮಗಳನ್ನು ಬಿಗಿಗೊಳಿಸಿವೆ. ಆದ್ದರಿಂದ ಕಾರ್ಖಾನೆಯ ಚೀಟಿ ಇಲ್ಲದವರು ಊರಿನ ಲೈಸೆನ್ಸ್‌ದಾರ ವ್ಯಾಪಾರಿಯ ಮೂಲಕವೇ ಕಳುಹಿಸುವುದು ರೂಢಿಯಾಗಿದೆ.

ಕಟ್ಟುವ ಮೊದಲು ಗುಂಡುಗಳ ಮ್ಯಾಗಜಿನ್ ಹೊರತೆಗೆಯಬೇಕು. ಅಷ್ಟು ಸಾಲದು, ನಳಿಗೆಯ ಹಿಂಬದಿಯ ಗೂಡಿನಲ್ಲಿ ಒಂದು ತೋಟಾ ಉಳಿದಿರಬಹುದು. ಅದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಪೆಟ್ಟಿಗೆಯಲ್ಲಿ ತೋಟಾಗಳನ್ನು ಜೊತೆಗಿಡುವಂತಿಲ್ಲ. ಒಳಗೆ ಅಲುಗಾಡದಂತೆ ಮೆತ್ತೆ ಹಾಕಿ, ದೋಷವೇನೆಂದು ವಿವರಿಸುವ ಪತ್ರವೊಂದನ್ನು ಇಡಬೇಕು. ಒಳಗೇನಿದೆ ಎಂಬುದನ್ನು ಸಾಗಣೆ ಕಂಪನಿಗೆ ತಿಳಿಸಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಗಾಜಿನ ಸಾಮಾನಿನ ಪೆಟ್ಟಿಗೆಯ ಮೇಲೆ "ಎಚ್ಚರಿಕೆ, ಗಾಜು" ಎಂದು ಬರೆಯುತ್ತೇವೆ. ಬಂದೂಕಿನ ಪೆಟ್ಟಿಗೆಯ ಮೇಲೆ ಅಂಥ ಚೀಟಿ ಅಂಟಿಸಬೇಕೆಂದು ಸಾಗಣೆ ಕಂಪನಿ ಒತ್ತಾಯಿಸುವಂತೆಯೇ ಇಲ್ಲ. ಕಾಯಿದೆ ಅದನ್ನು ತಡೆಯುತ್ತದೆ. ಕಾರಣ ನಿಮಗೇ ಹೊಳೆಯಬಹುದು. ಆ ಬರಹ ಕಳ್ಳನಿಗೆ ಕೊಟ್ಟ ಆಹ್ವಾನ ಪತ್ರಿಕೆಯಾಗುತ್ತದೆ. ತಿಳಿಯಬೇಕಾದವರಿಗೆ ತಿಳಿದಿರಬೇಕು, ದಾರಿಹೋಕರಿಗೆ ತಿಳಿಯಬಾರದು. ಪಾರ್ಸೆಲ್ ತಲುಪಿದಾಗ ಪಡೆದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಹೊಸ್ತಿಲಲ್ಲಿ ಇಟ್ಟು ಹೋಗುವಂತಿಲ್ಲ.

ಇನ್ನು ವಿಜ್ಞಾನ. ಇದಕ್ಕೆ ಒಂದು ನಿಜವಾದ ಪ್ರಕರಣವನ್ನೇ ತೆಗೆದುಕೊಳ್ಳೋಣ. 2017ರ ಜನವರಿಯಲ್ಲಿ ಅಮೆರಿಕದ ಭೂಸೇನೆ ಸಿಗ್ ಸಾವರ್ ಕಂಪನಿಯ ಪಿ-320 ಪಿಸ್ತೂಲಿನ ಒಂದು ರೂಪವನ್ನು ತನ್ನ ಹೊಸ ಪಿಸ್ತೂಲಾಗಿ ಆರಿಸಿಕೊಂಡಿತು. ಅದೇ ಆಗಸ್ಟ್‌ನಲ್ಲಿ, ಜನರಿಗೆ ಮಾರಿದ್ದ ಪಿ-320 ಪಿಸ್ತೂಲುಗಳು ಒಂದು ನಿರ್ದಿಷ್ಟ ಕೋನದಲ್ಲಿ, ಹಿಂಬದಿ ಕೆಳಗಾಗಿ ಬಿದ್ದರೆ, ಯಾರೂ ಟ್ರಿಗರ್ ಮುಟ್ಟದಿದ್ದರೂ ಗುಂಡು ಹಾರಬಹುದೆಂದು ಪ್ರಯೋಗಗಳಿಂದ ಬಯಲಾಯಿತು. ಕಂಪನಿಯು ಪಿಸ್ತೂಲುಗಳನ್ನು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ತನ್ನ ಕಾರ್ಖಾನೆಗೆ ತರಿಸಿಕೊಂಡು ಉಚಿತವಾಗಿ ಬದಲಾವಣೆ ಮಾಡಿಕೊಡುವ ಸ್ವಯಂಪ್ರೇರಿತ ಕಾರ್ಯಕ್ರಮವನ್ನು ಪ್ರಕಟಿಸಿತು.

ಬಿದ್ದ ಪಿಸ್ತೂಲು ಏಕೆ ಸಿಡಿಯಬೇಕು? ಬಸ್ಸಿನ ಚಾಲಕ ದಿಢೀರನೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುತ್ತಾರೆ. ಇದು ಜಡತ್ವ, ನ್ಯೂಟನ್ನನ ಮೊದಲ ನಿಯಮ. ಪಿಸ್ತೂಲು ನೆಲಕ್ಕೆ ಬಡಿದಾಗ ಅದರ ಚೌಕಟ್ಟು ನಿಲ್ಲುತ್ತದೆ. ಆದರೆ ಟ್ರಿಗರ್ ಬೇರೆಯದೇ ಒಂದು ಬಿಡಿಭಾಗ, ಬಸ್ಸಿನೊಳಗಿನ ಪ್ರಯಾಣಿಕನಂತೆ. ಹಿಂಬದಿ ಕೆಳಗಾಗಿ ಬಿದ್ದಾಗ ಅದು ಹಿಂದಕ್ಕೇ ಚಲಿಸುತ್ತದೆ. ಬೆರಳು ಎಳೆಯುವುದೂ ಅದೇ ದಿಕ್ಕಿಗೆ!

ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕು ಅಡಿ, ಅಂದರೆ 1.22 ಮೀಟರ್ ಎತ್ತರದಿಂದ ಬಿದ್ದ ವಸ್ತು ಗಟ್ಟಿ ನೆಲದ ಮೇಲೆ 1 ಮಿಲಿಮೀಟರ್ ದೂರದಲ್ಲಿ ನಿಂತಿತೆಂದು ಭಾವಿಸಿ. ಅದರ ಸರಾಸರಿ ವೇಗನಷ್ಟ ಗುರುತ್ವ ವೇಗೋತ್ಕರ್ಷದ ಸುಮಾರು 1220 ಪಟ್ಟು. ಟ್ರಿಗರ್ 5 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಆ ಕ್ಷಣದಲ್ಲಿ ಅದು ಸುಮಾರು 6 ಕಿಲೋಗ್ರಾಂ ತೂಕದಂತೆ ವರ್ತಿಸುತ್ತದೆ. ಅದನ್ನು ತಡೆದಿರುವ ಸ್ಪ್ರಿಂಗು ಸೋಲಬಹುದು. ಟ್ರಿಗರನ್ನು ಹಗುರ ಮಾಡಿದರೆ ಈ ಬಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕಾರ್ಖಾನೆ ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಒಂದು ಇದೇ: ಹಗುರವಾದ ಟ್ರಿಗರ್ ಮತ್ತು ಒಳಗಿನ ಬಿಡಿಭಾಗಗಳು. ಜೊತೆಗೆ ಇನ್ನೊಂದು ಯಾಂತ್ರಿಕ ತಡೆಯನ್ನೂ ಸೇರಿಸಿತು. ಈ ಪಿಸ್ತೂಲಿನ ವಿರುದ್ಧ ಬೇರೆ ಬಗೆಯ ದೂರುಗಳು ನಂತರದ ವರ್ಷಗಳಲ್ಲಿ ನ್ಯಾಯಾಲಯಗಳಿಗೆ ಹೋಗಿವೆ. ಅದು ಬೇರೆಯೇ ವಿಷಯ.

ಇಲ್ಲಿ ನೀವು ಯೋಚಿಸಬೇಕಾದ ಮಾತೊಂದಿದೆ. ಈ ಪಿಸ್ತೂಲು ಪರೀಕ್ಷೆಯಲ್ಲಿ ಉತ್ತೀರ್ಣವಾಗಿತ್ತು. ಅಮೆರಿಕದ ತಯಾರಕರ ಸಂಸ್ಥೆ ಗೊತ್ತುಮಾಡಿದ ಪರೀಕ್ಷೆಯಲ್ಲಿ ಪಿಸ್ತೂಲನ್ನು ನಾಲ್ಕು ಅಡಿ ಎತ್ತರದಿಂದ ಕೆಲವು ನಿಗದಿತ ಭಂಗಿಗಳಲ್ಲಿ ಬೀಳಿಸುತ್ತಾರೆ. ದೋಷ ಕಂಡದ್ದು ಆ ಭಂಗಿಗಳ ನಡುವಿನ ಒಂದು ಓರೆ ಕೋನದಲ್ಲಿ. ಕೈಜಾರಿ ಬೀಳುವ ವಸ್ತು ಪ್ರಯೋಗಾಲಯದ ಪುಸ್ತಕ ಓದಿ ಬೀಳುವುದಿಲ್ಲ. ಕೇಳಿದ ಪ್ರಶ್ನೆಗಳಿಗೆ ಸರಿಯುತ್ತರ ಬಂತೆಂದರೆ, ಕೇಳದ ಪ್ರಶ್ನೆಗಳಿಗೂ ಬಂತು ಎಂದಲ್ಲ. ಮುಂದೆ ನೀವು ಇಂಜಿನಿಯರ್ ಆಗಿ, ಔಷಧ ತಯಾರಕರಾಗಿ, ಸೇತುವೆ ಕಟ್ಟುವವರಾಗಿ ಕೆಲಸ ಮಾಡುವಾಗ ಈ ಮಾತನ್ನು ನೆನಪಿಡಿ.

ಇನ್ನೊಂದು ಸಂಗತಿ. ಅಮೆರಿಕದಲ್ಲಿ ದೋಷವಿರುವ ಆಟಿಕೆ, ಇಸ್ತ್ರಿಪೆಟ್ಟಿಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಲು ಒಂದು ಸರ್ಕಾರಿ ಆಯೋಗವಿದೆ. ಆದರೆ ಆ ಆಯೋಗವನ್ನು ರಚಿಸಿದ 1972ರ ಕಾಯಿದೆ ಬಂದೂಕುಗಳನ್ನು ಅದರ ಅಧಿಕಾರದಿಂದ ಹೊರಗಿಟ್ಟಿದೆ. ಆಟದ ಪಿಸ್ತೂಲನ್ನು ಹಿಂದಕ್ಕೆ ಕರೆಸುವ ಅಧಿಕಾರ ಅದಕ್ಕಿದೆ, ನಿಜವಾದ ಪಿಸ್ತೂಲನ್ನು ಕರೆಸುವ ಅಧಿಕಾರವಿಲ್ಲ! ಆದ್ದರಿಂದಲೇ 2017ರ ಕಾರ್ಯಕ್ರಮ ಸ್ವಯಂಪ್ರೇರಿತವಾಗಿತ್ತು. ಕಂಪನಿ ಕರೆಯಬೇಕು, ಮಾಲೀಕ ಓಗೊಡಬೇಕು. ಮಾಲೀಕ ಆಲಸ್ಯದಿಂದ ಕಪಾಟಿನಲ್ಲೇ ಇಟ್ಟರೆ ದೋಷವೂ ಅಲ್ಲೇ ಉಳಿಯುತ್ತದೆ. ಒಂದು ದಿನ ಅದು ಕೈಜಾರಿ ಬಿದ್ದರೆ ಅಪಾಯಕ್ಕೆ ಗುರಿಯಾಗುವವನು ಮಾಲೀಕನೇ ಆಗಿರಬೇಕೆಂದಿಲ್ಲ. ಪಕ್ಕದ ಕೋಣೆಯಲ್ಲಿ ಆಡುವ ಮಗುವೂ ಆಗಬಹುದು.

ವಾರಂಟಿ ಎಂಬುದು ಎರಡು ಕೈಗಳ ವ್ಯವಹಾರ. ತಯಾರಕ ಮಾತು ಕೊಡುತ್ತಾನೆ. ಬಳಸುವವನು ಆ ಮಾತನ್ನು ಓದಿ, ದೋಷ ಕಂಡಾಗ ತಡಮಾಡದೆ ತಿಳಿಸಬೇಕು. ನಿಮ್ಮ ಮನೆಯ ಗ್ಯಾಸ್ ಒಲೆ, ಪ್ರೆಷರ್ ಕುಕ್ಕರ್, ನೀರು ಕಾಯಿಸುವ ಗೀಸರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಇಂದು ಸಂಜೆ ಅವುಗಳ ವಾರಂಟಿ ಕಾರ್ಡುಗಳನ್ನು ಹುಡುಕಿ ತೆಗೆಯಿರಿ. ಕ್ರಮಸಂಖ್ಯೆ ಎಲ್ಲಿದೆ, ಕೊಂಡ ದಿನಾಂಕ ಬರೆದಿದೆಯೇ, ಯಾವ ದೋಷಕ್ಕೆ ಯಾರು ಹೊಣೆ, ಎಷ್ಟು ಕಾಲ ಎಂಬುದನ್ನು ಓದಿ ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಯ ಹಿರಿಯರಿಗೂ ಓದಿ ಹೇಳಿ.