ವಂಶದ ಬಿಪಿ, ಊಟದ ಉಪ್ಪು

"ಬಿಪಿ ನಮ್ಮ ವಂಶದಲ್ಲೇ ಇದೆ, ಉಪ್ಪು ಬಿಟ್ಟರೇನು, ತಿಂದರೇನು?" ಬಳ್ಳಾರಿಯ ಆಸ್ಪತ್ರೆಗಳ ಮುಂದೆ ಈ ಮಾತು ಕೇಳಬಹುದು, ಸಿರುಗುಪ್ಪದ ಭತ್ತದ ಗದ್ದೆಗಳಲ್ಲೂ ಕೇಳಬಹುದು. ಮಾತಿನ ಮೊದಲರ್ಧ ಬಹುಪಾಲು ನಿಜ. ಆದರೆ ಅದನ್ನೇ ಹಿಡಿದು ಎರಡನೆಯರ್ಧಕ್ಕೆ ಹೋಗುವುದು ತಪ್ಪು ಮಾತ್ರವಲ್ಲ, ಅಪಾಯ. ವಂಶದ ಪಾತ್ರಕ್ಕೆ ಅಮೆರಿಕದ ಸಂಶೋಧಕ ಲೂಯಿಸ್ ಡಾಲ್ 1962ರಲ್ಲಿ ಗಟ್ಟಿ ಪುರಾವೆ ಕೊಟ್ಟರು. ಉಪ್ಪು ತಿಂದು ರಕ್ತದೊತ್ತಡ ಏರಿದ ಇಲಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರು, ಏರದವನ್ನು ಬೇರೆಯಾಗಿ ಕೂಡಿಸಿದರು. ಕೆಲವೇ ತಲೆಮಾರುಗಳಲ್ಲಿ ಎರಡು ತಳಿ ಸಿದ್ಧವಾದವು. ಅದೇ ಉಪ್ಪಿನ ಮೇವಿಗೆ ಒಂದರ ಒತ್ತಡ ವಿಪರೀತ ಏರುತ್ತಿತ್ತು, ಇನ್ನೊಂದು ತಡೆದುಕೊಳ್ಳುತ್ತಿತ್ತು. ಮುಂದೆ 1974ರಲ್ಲಿ ತಳಿಗಳ ನಡುವೆ ಮೂತ್ರಪಿಂಡ ಕಸಿ ಮಾಡಿ ನೋಡಿದಾಗ, ಉಪ್ಪು ತಾಳದ ತಳಿಯ ಮೂತ್ರಪಿಂಡ ಪಡೆದ ಇಲಿಗೂ ಒತ್ತಡ ಏರಿತು. ದೋಷದ ದೊಡ್ಡ ಪಾಲು ಇದ್ದದ್ದು ಉಪ್ಪನ್ನು ಹೊರಹಾಕುವ ಆ ಅಂಗದಲ್ಲಿ. ಮನುಷ್ಯರಲ್ಲೂ ಹೀಗೇ. ಲಿಡಲ್ ಎಂಬ ಅಪರೂಪದ ಕಾಯಿಲೆಯಲ್ಲಿ ಮೂತ್ರಪಿಂಡದ ಸೋಡಿಯಂ ದಾರಿ ಮುಚ್ಚಿಕೊಳ್ಳದೆ ಉಪ್ಪು ಮೈಗೇ ಮರಳುತ್ತದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷ 1994ರಲ್ಲಿ ಸಿಕ್ಕಿತು. ನಮ್ಮ ನಿಮ್ಮಂಥವರಲ್ಲಿ ಮಾತ್ರ ಒಂದೇ ವಂಶವಾಹಿ ಹೊಣೆಯಲ್ಲ, ನೂರಾರು ಸೇರಿ ತುಸುತುಸು ಒತ್ತಡ ಕೂಡಿಸುತ್ತವೆ. ಡಾಲ್ ಅವರ ಇಲಿಗಳ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇದು: ಉಪ್ಪು ಕಡಿಮೆಯಿದ್ದಾಗ ಆ ದುರ್ಬಲ ತಳಿಗೂ ಒತ್ತಡ ಅಷ್ಟು ಏರಲಿಲ್ಲ. ಹಾಗಾಗಿ ವಂಶದಲ್ಲಿ ಬಿಪಿ ಇದ್ದರೆ ಉಪ್ಪು ಕಡಿಮೆ ಮಾಡಲು ಅದೇ ಮೊದಲ ಕಾರಣ.

ನಮ್ಮ ಬಿಸಿಲಿಗೆ ಉಪ್ಪು ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಕುರುಗೋಡಿನ ಹೊಲದಲ್ಲಿ ದಿನವಿಡೀ ದುಡಿಯುವವರ ಬೆವರಿನಲ್ಲಿ ಉಪ್ಪು ಹೋಗುತ್ತದೆ. ಆದರೆ ಬಿಸಿಲಿಗೆ ಒಗ್ಗಿದ ಮೈ ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳಲು ಕಲಿಯುತ್ತದೆ. ಫ್ಯಾನಿನ ಕೆಳಗೆ ಅಂಗಡಿಯಲ್ಲಿ ಕೂತವರಿಗಂತೂ ಆ ನೆಪವೂ ಇಲ್ಲ. ಉಪ್ಪು ತಾಳುವವರೂ ಇದ್ದಾರಲ್ಲ, ಎಲ್ಲರಿಗೂ ಏಕೆ ಹೇಳಬೇಕು ಎಂಬುದು ಇನ್ನೊಂದು ಆಕ್ಷೇಪ. ಯಾರು ತಾಳುವವರು ಎಂದು ತಿಳಿಸುವ ಸುಲಭ ರಕ್ತಪರೀಕ್ಷೆ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ವಯಸ್ಸಾದಂತೆ ತಾಳುವ ಶಕ್ತಿಯೂ ಕುಗ್ಗುತ್ತದೆ. ಚೀನಾದ 600 ಹಳ್ಳಿಗಳ ಅಧ್ಯಯನದಲ್ಲಿ ಅಡುಗೆ ಉಪ್ಪಿನ ಕಾಲು ಭಾಗದ ಬದಲು ಪೊಟ್ಯಾಸಿಯಂ ಉಪ್ಪು ಬೆರೆಸಿ ಕೊಟ್ಟಾಗ ಪಾರ್ಶ್ವವಾಯು ಶೇ. 14ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾಯಿತು. ಅಲ್ಲಿ ಯಾರ ವಂಶವಾಹಿಯನ್ನೂ ನೋಡಿ ಉಪ್ಪು ಹಂಚಿರಲಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಅಂಥ ಉಪ್ಪು ಮುಟ್ಟಬಾರದು.

ಉಪ್ಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ, ಮಂಡಕ್ಕಿಯಲ್ಲಿರುವ ಉಪ್ಪೂ ಅದರಲ್ಲೇ ಸೇರುತ್ತದೆ. ತಂದೆತಾಯಿಗೆ ಬಿಪಿ ಇದ್ದವರು ದಯವಿಟ್ಟು ಈ ವಾರವೇ ಒಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಿ.