ಕಸುಬು ಉಳಿಯಲಿ, ಕೂಲಿ ಲೆಕ್ಕಕ್ಕೆ ಬರಲಿ



ನಮ್ಮ ಸಾಂಗ್ಲಿ ಜಿಲ್ಲೆಯ ಮಿರಜ ಊರು ನಿಮಗೆ ಗೊತ್ತು. ಅಲ್ಲಿಯ ಸಿತಾರ, ತಂಬೂರಿ ದೇಶಕ್ಕೆಲ್ಲ ಹೆಸರುವಾಸಿ. ಅವನ್ನು ಮಾಡುವವರ ಹಿರಿಯರು ಮೊದಲು ಕತ್ತಿ, ಆಯುಧ ಮಾಡುತ್ತಿದ್ದರು. ಬ್ರಿಟಿಷರ ಆಳಿಕೆ ಬಂತು. ಆಯುಧ ಕೇಳುವವರು ಕಡಿಮೆಯಾದರು. ಫರೀದಸಾಹೇಬರು ಕೈಕಟ್ಟಿ ಕೂಡಲಿಲ್ಲ. 1850ರ ಸುಮಾರಿಗೆ ವಾದ್ಯ ಮಾಡಲು ಕಲಿತರು. ಕಸುಬು ಬದಲಾಯಿತು, ಕೈಚಳಕ ಉಳಿಯಿತು.

2020ರ ಲಾಕ್‌ಡೌನಿನಲ್ಲಿ ಸಂಗೀತ ಕಛೇರಿಗಳು ನಿಂತವು. ಗಿರಾಕಿ ಬರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕ್ರಿ? ಹಳೇ ವಾದ್ಯದ ರಿಪೇರಿ ಹಿಡಿಯಬಹುದು. ಅದಕ್ಕೆ ಬಂಡವಾಳ ಕಡಿಮೆ. ಆದರೆ ಬೆಲೆ ಇಳಿಸುವ ಮುಂಚೆ ಲೆಕ್ಕ ಬರೆಯಬೇಕು.

ಒಂದು ತಂಬೂರಿ ಮಾಡಿದಿರಿ ಅನ್ನಿ. ಸೋರೆಬುರುಡೆ, ಕಟ್ಟಿಗೆ, ತಂತಿ, ಪಾಲಿಶ್ ಸೇರಿ 6000 ರೂಪಾಯಿ. ನಿಮ್ಮ 10 ದಿನದ ಕೂಲಿ 4000. ಒಟ್ಟು 10000 ರೂಪಾಯಿ. ಅದನ್ನು 8000ಕ್ಕೆ ಕೊಟ್ಟರೆ ಲಾಭ ಬಂದಂತೆ ಕಾಣುತ್ತದೆ. ನಿಜವಾಗಿ ನೀವು 5 ದಿನ ಪುಕ್ಕಟೆ ದುಡಿದಿರಿ!

2024ರಲ್ಲಿ ಮಿರಜದ ಸಿತಾರ, ತಂಬೂರಿಗೆ ಜಿಐ ಗುರುತು ಸಿಕ್ಕಿತು. ಬೇರೆ ಊರಿನ ಮಾಲನ್ನು ಆ ಹೆಸರಲ್ಲಿ ಮಾರುವಂತಿಲ್ಲ. ಹೆಸರಿಗೆ ಬೆಲೆ ಬಂತು. ನಿಮ್ಮ ದುಡಿಮೆಗೂ ಬೆಲೆ ಬರಬೇಕಲ್ಲವೇ?

ನಿಮ್ಮದು ಹೊಲಿಗೆಯಾಗಲಿ, ಬುಟ್ಟಿ ಹೆಣೆಯುವುದಾಗಲಿ, ಇಂದು ರಾತ್ರಿಯೇ ಲೆಕ್ಕ ಬರೆಯಿರಿ. ಮೊದಲ ಸಾಲಿನಲ್ಲಿ ನಿಮ್ಮ ಕೂಲಿ ಬರೆಯಿರಿ.